ಬಾವಿನೀರಿಗೆ ಕರೆಂಟು ಹಾಯಿಸಿದಾಗ ಬರುವ ಬಣ್ಣ ಯಾರದು? ಮನೆಯಲ್ಲೂ ಶಾಲೆಯಲ್ಲೂ ಪರೀಕ್ಷಿಸುವ ಕ್ರಮ

ನೀರು ಶುದ್ಧೀಕರಿಸುವ ಯಂತ್ರಗಳನ್ನು ಮಾರಲು ಮನೆಮನೆಗೆ ಬರುವವರ ಕೈಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ಇರುವುದುಂಟು. ಅದರ ಅಡಿಯಿಂದ ಲೋಹದ ಕಡ್ಡಿಗಳು ಜೋಡಿಜೋಡಿಯಾಗಿ ಇಳಿಬಿದ್ದಿರುತ್ತವೆ. ಒಂದು ಲೋಟದಲ್ಲಿ ಮನೆಯ ಬಾವಿನೀರನ್ನೂ ಇನ್ನೊಂದರಲ್ಲಿ ತಮ್ಮ ಯಂತ್ರದಿಂದ ಲವಣ ಸೋಸಿ ಬಂದ ಆರ್‌ಓ ನೀರನ್ನೂ ಇಟ್ಟು, ಕಡ್ಡಿಗಳನ್ನು ಮುಳುಗಿಸಿ, ಪ್ಲಗ್ಗನ್ನು ಮನೆಯ ಸಾಕೆಟ್ಟಿಗೇ ಚುಚ್ಚುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬಾವಿನೀರು ಹಸಿರುಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳಕು ನೊರೆ ಕಟ್ಟುತ್ತದೆ. ಆರ್‌ಓ ನೀರು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮುರಕಲ್ಲಿನ ಬಾವಿಯ ಅಥವಾ ಅಜ್ಜನ ಕಾಲದಲ್ಲಿ ನೀರಿಗಾಗಿ ಗುಡ್ಡ ಕೊರೆದು ತೋಡಿದ ಸುರಂಗದ ನೀರನ್ನು ತಲೆಮಾರುಗಳಿಂದ ಕುಡಿದುಕೊಂಡು ಬಂದ ಮನೆಯವರು ಅದನ್ನು ಕಂಡು ಹೆದರಿಬಿಡುತ್ತಾರೆ.

ನೀರಿಗಾಗಲಿ, ತರಕಾರಿಗಾಗಲಿ, ಮನುಷ್ಯನ ಪಾದಕ್ಕಾಗಲಿ ವಿದ್ಯುತ್ ಹಾಯಿಸಿ ಏನನ್ನಾದರೂ ತೋರಿಸುವ ಯಾವ ಉಪಕರಣದ ಮುಂದೆ ಕುಳಿತರೂ, ಬಂದ ಬಣ್ಣವನ್ನು ನೋಡುವ ಮೊದಲು ಕಡ್ಡಿ ಯಾವ ಲೋಹದ್ದು ಎಂದು ನೋಡಬೇಕು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಯಾವುದೇ ಮನೆಯಲ್ಲಿ ಅಥವಾ ಕನ್ನಡ ಶಾಲೆಯಲ್ಲಿ, ಪೇಟೆಯ ಅಂಗಡಿಗಳಲ್ಲಿ ಸಿಗುವ ಸಾಮಾನುಗಳಿಂದಲೇ ಇದನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಸುರಕ್ಷತೆ

ಮಾರಾಟಗಾರರು ಮಾಡುವಂತೆ 230 ವೋಲ್ಟಿನ ಮನೆಯ ಕರೆಂಟನ್ನು ನೀರಿಗೆ ತಾಗಿಸುವ ಕೆಲಸವನ್ನು ಯಾರೂ, ಎಂದಿಗೂ ಮಾಡಕೂಡದು. ಒದ್ದೆ ಚರ್ಮದ ವಿದ್ಯುತ್ ತಡೆ ಒಣ ಚರ್ಮದ್ದಕ್ಕಿಂತ ಬಹಳ ಕಡಿಮೆ. ಮನೆಗಳಿಗೆ ಹಾಕುವ ಆರ್‌ಸಿಸಿಬಿ ಸ್ವಿಚ್ಚುಗಳು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿದೊಡನೆ ಬೀಳುವಂತೆ ಮಾಡಿರುವುದು, ಅದಕ್ಕಿಂತ ಹೆಚ್ಚು ವಿದ್ಯುತ್ ಎದೆಯ ಮೂಲಕ ಹರಿದರೆ ಪ್ರಾಣಕ್ಕೇ ಅಪಾಯ ಎಂಬ ಕಾರಣದಿಂದ. ಹೊಳೆಗೆ ವಯರು ಇಳಿಸಿ ಮೀನು ಹಿಡಿಯಲು ಹೋಗಿ ಜೀವ ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ. ಕೆಳಗೆ ಹೇಳಿರುವ ಪ್ರಯೋಗಗಳಿಗೆಲ್ಲ 9 ವೋಲ್ಟಿನ ಚೌಕ ಬ್ಯಾಟರಿಗಳೇ ಸಾಕು; ಮೊಬೈಲ್ ಚಾರ್ಜರನ್ನು ಸೀಳಿ ಬಳಸುವುದೂ ಬೇಡ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರುವುದು ಬೇಡ, ಪ್ರಯೋಗಕ್ಕೆ ಬಳಸಿದ ನೀರನ್ನಾಗಲಿ ತರಕಾರಿಯನ್ನಾಗಲಿ ಯಾರೂ ಬಾಯಿಗೆ ಹಾಕಬಾರದು.

ಬೇಕಾದ ಸಾಮಾನುಗಳು

9 ವೋಲ್ಟಿನ ಬ್ಯಾಟರಿ ಒಂದೆರಡು (ಪ್ರೌಢಶಾಲೆಯವರ ಕೊನೆಯ ಪ್ರಯೋಗಕ್ಕೆ ನಾಲ್ಕು), ಕ್ರೊಕೊಡೈಲ್ ಕ್ಲಿಪ್ ಇರುವ ವಯರುಗಳು, ಸತುವಿನ ಲೇಪ ಇಲ್ಲದ ಸಾದಾ ಕಬ್ಬಿಣದ ಉದ್ದ ಮೊಳೆಗಳು, ಎರಡೂ ತುದಿ ಹೆರೆದ ಪೆನ್ಸಿಲುಗಳು, ಒಂದೇ ಅಳತೆಯ ಗಾಜಿನ ಲೋಟಗಳು, ಉಪ್ಪು, ಹಾಲು ಹಾಕದ ಚಹಾದ ಗಟ್ಟಿ ಕಷಾಯ, ಒಂದು ಬಟಾಟೆ, ಕೆಂಪು ದಾಸವಾಳದ ಹೂಗಳು, ಸ್ವಲ್ಪ ಮೆಗ್ನೀಶಿಯಂ ಸಲ್ಫೇಟ್. ಕೊನೆಯದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಡಿಕೆ, ತೆಂಗಿನ ಬುಡಕ್ಕೆ ಹಾಕಲು ಗೊಬ್ಬರದ ಅಂಗಡಿಯಲ್ಲಿ ಮಾರುವ ಬಿಳಿ ಹರಳೇ ಅದು. ಮೊಳೆಯ ವಿಷಯದಲ್ಲಿ ಎಚ್ಚರ ಬೇಕು. ಹೊಳೆಯುವ ಬಿಳಿ ಮೊಳೆಗೆ ಸತುವಿನ ಲೇಪ ಇರುವುದರಿಂದ ಮೊದಲು ಬಿಳಿ ಗಷ್ಟು ಬಂದು ನೋಡುವವರಿಗೆ ಗೊಂದಲವಾಗುತ್ತದೆ. ಬಡಗಿಯ ಬಳಿ ಇರುವ, ತುಸು ಕಪ್ಪಾಗಿ ಕಾಣುವ ಮೊಳೆಯೇ ಒಳ್ಳೆಯದು.

ಮೊಳೆ ಮತ್ತು ಪೆನ್ಸಿಲ್

ಮುರಕಲ್ಲಿನ ಬಾವಿಗಳ ನೀರಿನಲ್ಲಿ ಸಾಮಾನ್ಯವಾಗಿ ಕರಗಿದ ಲವಣ ಕಡಿಮೆ, ನೀರು ಸ್ವಲ್ಪ ಆಮ್ಲೀಯವೂ ಹೌದು. ಲವಣ ಕಡಿಮೆಯಾದಷ್ಟೂ ವಿದ್ಯುತ್ ಕಡಿಮೆ ಹರಿಯುವುದರಿಂದ ಸಣ್ಣ ಬ್ಯಾಟರಿಯಲ್ಲಿ ಫಲಿತಾಂಶ ಬೇಗ ಕಾಣುವುದಿಲ್ಲ. ಆದ್ದರಿಂದ ಒಂದು ಪಾತ್ರೆ ಬಾವಿನೀರಿಗೆ ಸ್ವಲ್ಪ ಉಪ್ಪು ಕರಗಿಸಿ, ಅದೇ ನೀರನ್ನು ಮೂರು ಲೋಟಗಳಿಗೆ ಸಮನಾಗಿ ಹಂಚಬೇಕು. ಲೋಟಕ್ಕೆ ಒಂದು ಚಿಟಿಕೆಯ ಲೆಕ್ಕ ಸಾಕು. ಮೂರಕ್ಕೂ ಒಂದೇ ಪಾತ್ರೆಯ ನೀರು ಎಂಬುದು ಈ ಪ್ರಯೋಗದ ಜೀವಾಳ, ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ.

ಮೊದಲ ಲೋಟದಲ್ಲಿ ಎರಡು ಮೊಳೆಗಳನ್ನು ಒಂದಕ್ಕೊಂದು ತಾಗದಂತೆ ಎರಡು ಬೆರಳಗಲ ದೂರದಲ್ಲಿ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿ. ಎರಡನೆಯದರಲ್ಲಿ ಮೊಳೆಗಳ ಬದಲು ಪೆನ್ಸಿಲುಗಳನ್ನು ಇಟ್ಟು, ಅವುಗಳ ಮೇಲಿನ ತುದಿಯ ಸೀಸಕ್ಕೆ (ಹೆಸರಿಗೆ ಸೀಸವಾದರೂ ಅದು ಲೋಹವಲ್ಲ, ಗ್ರಾಫೈಟ್ ಎಂಬ ಇಂಗಾಲ) ಕ್ಲಿಪ್ ಕಚ್ಚಿಸಿ. ಮೂರನೆಯದರಲ್ಲಿ ಮೊಳೆಗಳನ್ನು ಸುಮ್ಮನೆ ಇಳಿಬಿಟ್ಟು ಕರೆಂಟು ಕೊಡದೆ ಬಿಡಿ. ಈ ಮೂರನೆಯ ಲೋಟವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮೊಳೆ ತಾನಾಗಿಯೇ ತುಕ್ಕು ಬಿಟ್ಟಿತೋ ಅಥವಾ ವಿದ್ಯುತ್ತಿನಿಂದ ಕರಗಿತೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅದೊಂದೇ ಆದ್ದರಿಂದ ಅದು ಇರಲೇಬೇಕು.

ಮೊದಲ ಲೋಟವನ್ನು ಬೆಳಕಿಗೆ ಎದುರಾಗಿ ಇಟ್ಟು ಹತ್ತಿರದಿಂದ ನೋಡಿ. ಮೈನಸ್ ಕಡೆಯ ಮೊಳೆಯಿಂದ ನೂಲಿನೆಳೆಯಂತೆ ಸಣ್ಣ ಗುಳ್ಳೆಗಳು ಎಡೆಬಿಡದೆ ಮೇಲೇರುತ್ತವೆ, ಅದು ಹೈಡ್ರೋಜನ್. ಪ್ಲಸ್ ಕಡೆಯ ಮೊಳೆಯಲ್ಲಿ ಗುಳ್ಳೆ ಇಲ್ಲವೆನ್ನುವಷ್ಟು ಕಡಿಮೆ. ಬದಲಿಗೆ ಅದರ ಮೈಯಿಂದ ತೆಳು ಹಸಿರುಹಳದಿ ಮಬ್ಬೊಂದು ಬಿಡಿಸಿಕೊಂಡು ಕೆಳಗಿಳಿಯುತ್ತದೆ, ಮೈನಸ್ ಕಡೆಯಿಂದ ಬರುವ ಕ್ಷಾರದೊಡನೆ ಸೇರಿದಲ್ಲಿ ಕೊಳೆಹಸಿರು ಗಷ್ಟಾಗುತ್ತದೆ, ಗಾಳಿ ತಾಗಿದಂತೆ ಮೇಲಿನಿಂದ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಹತ್ತು ನಿಮಿಷದ ಬಳಿಕ ಮಾರಾಟಗಾರರು ತೋರಿಸುವ ಕೊಳಕು ನೀರೇ ಎದುರಿಗಿರುತ್ತದೆ. ಕರೆಂಟು ಕೊಡದ ಮೂರನೆಯ ಲೋಟದಲ್ಲಿ ಅಷ್ಟು ಹೊತ್ತಿಗೆ ಅಂತಹ ಗಷ್ಟು ಕಾಣುವುದಿಲ್ಲ. ಪೆನ್ಸಿಲಿನ ಲೋಟದಲ್ಲಿ ಎರಡೂ ಕಡೆ ಗುಳ್ಳೆಗಳಷ್ಟೇ. ಸೀಸದ ಕಪ್ಪು ಚೂರು ಒಂದಿಷ್ಟು ಉದುರಬಹುದು, ಆದರೆ ಕಂದು ಗಷ್ಟು ಬರುವುದಿಲ್ಲ. ಈ ಲೋಟದಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಅದು ಉಪ್ಪಿನಿಂದ ಹೊರಟ ಕ್ಲೋರಿನ್. ಐದು ನಿಮಿಷಕ್ಕೇ ಕ್ಲಿಪ್ ಕಳಚಿಬಿಡಿ, ಮೂಗು ಹತ್ತಿರ ಒಯ್ಯಬೇಡಿ. ಒಂದೇ ಬಾವಿಯ ಒಂದೇ ನೀರು ಮೊಳೆ ಇದ್ದಲ್ಲಿ ಕಂದಾಗಿದೆ, ಪೆನ್ಸಿಲ್ ಇದ್ದಲ್ಲಿ ಆಗಿಲ್ಲ. ಹಾಗಾದರೆ ಆ ಗಷ್ಟು ನೀರಿನದ್ದಲ್ಲ, ಮೊಳೆಯದ್ದು.

ಇಷ್ಟಕ್ಕೂ ತೃಪ್ತಿಯಾಗದವರು ಕಂದು ಲೋಟಕ್ಕೆ ಎರಡು ಚಮಚ ಚಹಾ ಕಷಾಯ ಹೊಯ್ದು ಕಲಕಲಿ. ಗಷ್ಟು ಕಪ್ಪಿಗೆ ತಿರುಗುತ್ತದೆ. ಚಹಾದಲ್ಲಿರುವ ಚೊಗರಿನ ಅಂಶ ಕಬ್ಬಿಣದೊಡನೆ ಸೇರಿ ಮಸಿಯಾಗುವುದೇ ಅದಕ್ಕೆ ಕಾರಣ. ಹಿಂದಿನವರು ಬರೆಯುವ ಶಾಯಿಯನ್ನು ಮಾಡುತ್ತಿದ್ದುದೂ ಹೀಗೆಯೇ. ಪೆನ್ಸಿಲಿನ ಲೋಟಕ್ಕೆ ಅಷ್ಟೇ ಚಹಾ ಹಾಕಿದರೆ ಚಹಾದ ಬಣ್ಣವಷ್ಟೇ ಉಳಿಯುತ್ತದೆ. ಕೊನೆಗೆ ಆರ್‌ಓ ನೀರಿನ ಸರದಿ. ಮೊದಲು ಬರಿಯ ಆರ್‌ಓ ನೀರಿನಲ್ಲಿ ಮೊಳೆ ಇಳಿಸಿ ಕರೆಂಟು ಕೊಟ್ಟು ಏನೂ ಆಗದಿರುವುದನ್ನು ನೋಡಿ, ಬಳಿಕ ಒಂದು ಚಿಟಿಕೆ ಉಪ್ಪು ಹಾಕಿ. ಶುದ್ಧವೆಂದು ತೋರಿಸುವ ಅದೇ ನೀರು ಬಾವಿನೀರಿನಂತೆಯೇ ಕಂದಾಗುತ್ತದೆ. ಆ ನೀರಿನಲ್ಲಿ ಮೊದಲು ಇಲ್ಲದಿದ್ದದ್ದು ಕೊಳೆಯಲ್ಲ, ವಿದ್ಯುತ್ತನ್ನು ಹೊತ್ತೊಯ್ಯುವ ಅಯಾನುಗಳು.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಹರಿದ ವಿದ್ಯುತ್ತಿಗೂ ಕರಗಿದ ಲೋಹಕ್ಕೂ ಇರುವ ನಿಯಮವನ್ನು ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಕಂಡುಹಿಡಿದನು. 50 ಮಿಲಿಆಂಪಿಯರ್ ವಿದ್ಯುತ್ ಹತ್ತು ನಿಮಿಷ ಹರಿದರೆ 30 ಕೂಲಂಬ್ (ಹರಿದ ವಿದ್ಯುತ್ತಿನ ಒಟ್ಟು ಅಳತೆ) ಆಗುತ್ತದೆ. ಒಂದು ಮೋಲ್ ಇಲೆಕ್ಟ್ರಾನಿಗೆ ಸುಮಾರು 96,485 ಕೂಲಂಬ್. ಕಬ್ಬಿಣದ ಪ್ರತಿ ಪರಮಾಣು ಎರಡು ಇಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ. ಅದರ ಪರಮಾಣು ತೂಕ ಸುಮಾರು 56. ಹೀಗೆ ಕರಗುವ ಕಬ್ಬಿಣ ಸುಮಾರು 8.7 ಮಿಲಿಗ್ರಾಂ. 200 ಮಿಲಿಲೀಟರಿನ ಲೋಟದಲ್ಲಿ ಅದು ಲೀಟರಿಗೆ 43 ಮಿಲಿಗ್ರಾಂ ಲೆಕ್ಕಕ್ಕೆ ಬರುತ್ತದೆ. ನೀರಿನಲ್ಲಿ ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ಮೀರಿದರೇ ಒಗೆದ ಬಟ್ಟೆಗೆ ಕಲೆ ಹಿಡಿಯುತ್ತದೆ. ಹತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಬಲ್ಲರು, ಮಾಡಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ಟಿಡಿಎಸ್ ಮೀಟರ್ ಹೇಳುವುದೇನು

ಪೆನ್ನಿನಂತಹ ಟಿಡಿಎಸ್ ಮೀಟರೂ ನೀರಿಗೆ ವಿದ್ಯುತ್ ಹಾಯಿಸುವ ಉಪಕರಣವೇ, ಆದರೆ ಪ್ರಾಮಾಣಿಕವಾದದ್ದು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಒಂದು ಅಂದಾಜಿನ ಗುಣಕದಿಂದ ಗುಣಿಸಿ, ಕರಗಿದ ಲವಣ ಇಷ್ಟು ಎಂದು ತೋರಿಸುತ್ತದೆ. ಭಾರತೀಯ ಮಾನದಂಡದಲ್ಲಿ ಕುಡಿಯುವ ನೀರಿಗೆ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ 2000 ತನಕ ಅನುಮತಿ ಇದೆ. ಆ ಮೀಟರಿಗೆ ರೋಗಾಣು ಕಾಣುವುದಿಲ್ಲ. ಲವಣ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ತಿಳಿಯುವುದಿಲ್ಲ. ನಂಬಿಕೆ ಬಾರದಿದ್ದರೆ ಆಗತಾನೇ ಕೆತ್ತಿದ ಬೊಂಡದ ನೀರಿಗೆ ಮೀಟರ್ ಅದ್ದಿ ನೋಡಿ. ಎಳನೀರಿನಲ್ಲಿ 100 ಮಿಲಿಲೀಟರಿಗೆ ಇನ್ನೂರು ಮಿಲಿಗ್ರಾಮಿನ ಆಸುಪಾಸು ಪೊಟ್ಯಾಸಿಯಂ ಇರುವುದರಿಂದ ಮೀಟರಿನ ಅಂಕಿ ಸಾವಿರದ ಲೆಕ್ಕಕ್ಕೆ ಏರುತ್ತದೆ. ಅಂಕಿಯನ್ನಷ್ಟೇ ನಂಬುವುದಾದರೆ ಜ್ವರದಿಂದ ಎದ್ದವರಿಗೆ ನಾವು ಕೊಡುವ ಬೊಂಡ ಕುಡಿಯಲು ಯೋಗ್ಯವಲ್ಲದ ನೀರಾಗುತ್ತದೆ. ಈ ಮೀಟರ್ ನಿಜವಾಗಿ ಪ್ರಯೋಜನಕ್ಕೆ ಬರುವುದು ಕಡಲಂಚಿನ ಬಾವಿಗಳಲ್ಲಿ. ಬೇಸಗೆಯಲ್ಲಿ ಉಪ್ಪುನೀರು ಚಂದ್ರಗಿರಿ ಹೊಳೆಯಲ್ಲಿ, ಪೇಟೆಗೆ ನೀರೆತ್ತುವ ಬಾವಿಕ್ಕೆರೆಯವರೆಗೆ ಏರಿ ಕಾಸರಗೋಡು ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿದ್ದ ಕಾಲವನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. ಹೊಳೆಬದಿಯ ಬಾವಿಯ ಅಂಕಿಯನ್ನು ಮಕರ ತಿಂಗಳಿಂದ ವೃಷಭ ತಿಂಗಳವರೆಗೆ (ಜನವರಿ ನಡುವಿನಿಂದ ಜೂನ್ ನಡುವಿನ ತನಕ) ವಾರಕ್ಕೊಮ್ಮೆ ಬರೆದಿಟ್ಟರೆ ಉಪ್ಪು ಏರುವುದು ನಾಲಗೆಗೆ ತಿಳಿಯುವ ಮೊದಲೇ ಕಾಗದದ ಮೇಲೆ ಕಾಣುತ್ತದೆ.

ಜೀವವಸ್ತುವಿಗೆ ವಿದ್ಯುತ್

ಬಟಾಟೆಯನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮೈಗೆ ಎರಡು ತಾಮ್ರದ ತಂತಿಗಳನ್ನು ಬೆರಳಗಲ ದೂರದಲ್ಲಿ ಚುಚ್ಚಿ 9 ವೋಲ್ಟಿಗೆ ಜೋಡಿಸಿ. ಸ್ವಲ್ಪ ಹೊತ್ತಿನಲ್ಲಿ ಪ್ಲಸ್ ತಂತಿಯ ಸುತ್ತ ಹಸಿರು ಕಲೆ ಹಬ್ಬುತ್ತದೆ, ಮೈನಸ್ ತಂತಿಯ ಬುಡದಲ್ಲಿ ನೊರೆ ಬರುತ್ತದೆ. ಗುರುತಿಲ್ಲದ ವಯರಿನಲ್ಲಿ ಪ್ಲಸ್ ಯಾವುದೆಂದು ಪತ್ತೆಹಚ್ಚಲು ಹಳೆಯ ರೇಡಿಯೋ ರಿಪೇರಿಯವರೂ ಬಳಸುತ್ತಿದ್ದ ಉಪಾಯ ಇದು. ಆ ಹಸಿರು ಬಟಾಟೆಯಿಂದ ಹೊರಬಂದ ವಿಷವಲ್ಲ, ತಂತಿಯಿಂದ ಬಟಾಟೆಯೊಳಗೆ ಇಳಿದ ತಾಮ್ರ. ಇನ್ನೊಂದು ಹೋಳಿಗೆ ಪೆನ್ಸಿಲ್ ಸೀಸಗಳನ್ನು ಚುಚ್ಚಿ ನೋಡಿದರೆ ಹಸಿರು ಬರುವುದಿಲ್ಲ.

ಪಾದಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ಕರೆಂಟು ಹಾಯಿಸಿ, ನೀರು ಕಂದಾದಾಗ ದೇಹದ ವಿಷವೆಲ್ಲ ಅಂಗಾಲಿನಿಂದ ಇಳಿಯಿತು ಎನ್ನುವ ಯಂತ್ರಗಳ ಒಳಗುಟ್ಟು ಈಗ ಹೇಳಬೇಕಾಗಿಲ್ಲ. ಅಂತಹ ಯಂತ್ರ ಎದುರಾದರೆ ಕಾಲಿಡದೆ, ಅದೇ ನೀರಿಗೆ ಅಷ್ಟೇ ಉಪ್ಪು ಹಾಕಿ, ಅಷ್ಟೇ ಹೊತ್ತು ನಡೆಸಲು ಹೇಳಿ. ಕಾಲಿಲ್ಲದ ತೊಟ್ಟಿಯೂ ಕಂದಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಇಂತಹದನ್ನು ನಂಬಿ ಚಿಕಿತ್ಸೆ ತಪ್ಪಿಸಿಕೊಳ್ಳುವುದು ನಿಜಕ್ಕೂ ಸಂಕಟದ ವಿಷಯ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಅದರ ಹತ್ತಿರ ಹೋಗಲೇಬಾರದು.

ಕಡ್ಡಿಯದೋ ದೇಹದ್ದೋ ಎಂಬ ಈ ಪ್ರಶ್ನೆ ಇಂದಿನದಲ್ಲ. ಇಟಲಿಯ ಬೊಲೋನ್ಯದ ಲೂಯಿಜಿ ಗಾಲ್ವಾನಿ, ಎರಡು ಲೋಹಗಳನ್ನು ತಾಗಿಸಿದಾಗ ಸತ್ತ ಕಪ್ಪೆಯ ಕಾಲು ಸೆಟೆಯುವುದನ್ನು ಕಂಡು, ಪ್ರಾಣಿಯೊಳಗೇ ವಿದ್ಯುತ್ ಇದೆ ಎಂದು 1791ರಲ್ಲಿ ಪ್ರಕಟಿಸಿದನು. ಅಲೆಸ್ಸಾಂಡ್ರೊ ವೋಲ್ಟಾ ಅದನ್ನು ಒಪ್ಪದೆ, ವಿದ್ಯುತ್ ಬಂದದ್ದು ಎರಡು ಬೇರೆ ಬೇರೆ ಲೋಹಗಳಿಂದ ಎಂದು ವಾದಿಸಿದನು. ಕಪ್ಪೆಯನ್ನು ಬದಿಗಿಟ್ಟು ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು 1800ರಲ್ಲಿ ಅವನು ಕಟ್ಟಿದ ರಾಶಿಯೇ ಜಗತ್ತಿನ ಮೊದಲ ಬ್ಯಾಟರಿ. ನರಗಳಲ್ಲಿ ವಿದ್ಯುತ್ ಸಂಕೇತ ಹರಿಯುವುದು ಮುಂದೆ ಸ್ಥಿರಪಟ್ಟದ್ದರಿಂದ ಗಾಲ್ವಾನಿಯದೂ ಪೂರ್ತಿ ತಪ್ಪಾಗಿರಲಿಲ್ಲ. 1800ರಲ್ಲಿಯೇ ಇಂಗ್ಲೆಂಡಿನಲ್ಲಿ ವಿಲಿಯಂ ನಿಕೊಲ್ಸನ್ ಮತ್ತು ಆಂಟನಿ ಕಾರ್ಲೈಲ್ ನೀರನ್ನು ವಿಭಜಿಸಿದಾಗ, ಹಿತ್ತಾಳೆ ತಂತಿ ಬಳಸಿದಲ್ಲಿ ಒಂದು ಕಡೆ ಹೈಡ್ರೋಜನ್ ಬಂದಿತೇ ಹೊರತು ಇನ್ನೊಂದು ಕಡೆಯ ತಂತಿ ತಾನೇ ಕೊರೆದುಹೋಯಿತು. ಸುಲಭವಾಗಿ ಕರಗದ ಪ್ಲಾಟಿನಂ ತಂತಿ ಹಾಕಿದ ಮೇಲೆಯೇ ಆ ಕಡೆ ಆಮ್ಲಜನಕ ಸಿಕ್ಕಿತು. ನಮ್ಮ ಮೊಳೆಗೂ ಪೆನ್ಸಿಲಿಗೂ ಇರುವ ವ್ಯತ್ಯಾಸವನ್ನು ಅವರು ಮೊದಲ ಪ್ರಯೋಗಗಳಲ್ಲಿಯೇ ಕಂಡಿದ್ದರು.

ದಾಸವಾಳದ ಪರೀಕ್ಷೆ

ದಾಸವಾಳದ ಎಸಳುಗಳ ಮೇಲೆ ಬಿಸಿನೀರು ಹೊಯ್ದು, ತಣಿದ ಬಳಿಕ ಸೋಸಿ, ಆ ರಸದಲ್ಲಿ ಅರ್ಧ ಚಮಚ ಮೆಗ್ನೀಶಿಯಂ ಸಲ್ಫೇಟ್ ಕರಗಿಸಿ. ಪಿಂಗಾಣಿ ತಟ್ಟೆಯ ಮೇಲೆ ಟಿಶ್ಯೂ ಕಾಗದದ ಉದ್ದ ಪಟ್ಟಿ ಹಾಸಿ, ರಸದಿಂದ ತೋಯಿಸಿ, ಎರಡು ತುದಿಗಳಿಗೆ ಪೆನ್ಸಿಲ್ ಸೀಸ ಒತ್ತಿ ಬ್ಯಾಟರಿ ಜೋಡಿಸಿ. ಸ್ಟೀಲು ತಟ್ಟೆ ಆಗದು, ವಿದ್ಯುತ್ ತಟ್ಟೆಯ ಮೂಲಕವೇ ಹರಿದುಬಿಡುತ್ತದೆ. ಮೈನಸ್ ಕಡೆ ಕಾಗದ ಹಸಿರಾಗುತ್ತದೆ, ಪ್ಲಸ್ ಕಡೆ ಗುಲಾಬಿ ಗಾಢವಾಗುತ್ತದೆ. ಒಂದು ಕಡೆ ಕ್ಷಾರ, ಇನ್ನೊಂದು ಕಡೆ ಆಮ್ಲ ಉಂಟಾಗುವುದು ಹೂವಿನ ಬಣ್ಣದಲ್ಲಿಯೇ ಕಾಣುತ್ತದೆ. ಇಲ್ಲಿ ಅಡುಗೆ ಉಪ್ಪು ಬಳಸಿದರೆ ಹೊರಡುವ ಕ್ಲೋರಿನ್ ಹೂವಿನ ಬಣ್ಣವನ್ನೇ ತಿಂದುಬಿಡುತ್ತದೆ. ಕ್ಷಾರೀಯ ನೀರು ಕೊಡುವ ದುಬಾರಿ ಯಂತ್ರಗಳೂ ಮಾಡುವುದು ಇದನ್ನೇ. ಎರಡು ಕಡೆಯ ನೀರನ್ನು ನಡುವೆ ಪೊರೆ ಇಟ್ಟು ಬೇರ್ಪಡಿಸುತ್ತವೆ, ಅಷ್ಟೆ. ಕುಡಿದ ಆ ನೀರು ಹೊಟ್ಟೆಯ ಗಾಢ ಆಮ್ಲಕ್ಕೆ ಸೇರಿದ ಮೇಲೆ ಅದರ ಕ್ಷಾರತೆ ಉಳಿಯುವುದಿಲ್ಲ.

ಒಳ್ಳೆಯ ಆವಿಷ್ಕಾರಗಳನ್ನು ಗುರುತಿಸುವ ಬಗೆ

ಇಷ್ಟು ಓದಿದವರು ನೀರಿಗೂ ದೇಹಕ್ಕೂ ವಿದ್ಯುತ್ ತಾಗಿಸುವ ಆವಿಷ್ಕಾರವೆಲ್ಲ ಮೋಸ ಎಂದುಕೊಳ್ಳಬಾರದು. ನೆದರ್ಲೆಂಡಿನ ವಿಲ್ಲೆಮ್ ಐಂಥೊವೆನ್ ರೋಗಿಯ ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಹೃದಯದ ವಿದ್ಯುತ್ತನ್ನು ದಾಖಲಿಸಿದನು. ಇಂದಿನ ಇಸಿಜಿ ಬೆಳೆದುಬಂದದ್ದು ಅಲ್ಲಿಂದ, ಅದಕ್ಕಾಗಿ 1924ರ ನೊಬೆಲ್ ಪ್ರಶಸ್ತಿ ಅವನಿಗೆ ಸಂದಿತು. ಅದೂ ಪಾದವನ್ನು ಉಪ್ಪುನೀರಿನಲ್ಲಿ ಇಡುವ ಯಂತ್ರವೇ, ಆದರೆ ಅಲ್ಲಿ ವಿದ್ಯುತ್ ದೇಹದ್ದೇ ಆಗಿತ್ತು, ಅದನ್ನು ಅಳೆದು ಬೇರೆಯವರೂ ತಾಳೆ ನೋಡಬಹುದಾಗಿತ್ತು. ಸ್ವೀಡನ್ನಿನ ಆರ್ನೆ ಟಿಸೇಲಿಯಸ್ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿದ ವಿಧಾನಕ್ಕೆ 1948ರಲ್ಲಿ ನೊಬೆಲ್ ಬಂತು. ಡಿಎನ್‌ಎ ತುಂಡುಗಳನ್ನು ಇಂದಿಗೂ ಪ್ರಯೋಗಾಲಯಗಳಲ್ಲಿ ಅದೇ ತತ್ತ್ವದಿಂದ ಬೇರ್ಪಡಿಸುತ್ತಾರೆ. ನಮ್ಮ ಲೋಟದ ಕಂದು ಗಷ್ಟಿಗೂ ಸದುಪಯೋಗವಿದೆ. ಕಾರ್ಖಾನೆಗಳ ಕೊಳೆನೀರಿನಲ್ಲಿ ಬೇಕೆಂದೇ ಕಬ್ಬಿಣ ಅಥವಾ ಅಲ್ಯುಮಿನಿಯಂ ಫಲಕಗಳನ್ನು ಕರಗಿಸಿ, ಹುಟ್ಟುವ ಗಷ್ಟಿಗೆ ಕೊಳೆ ಅಂಟುವಂತೆ ಮಾಡಿ ತೆಗೆಯುವ ವಿಧಾನ ಬಳಕೆಯಲ್ಲಿದೆ.

ಪ್ರೌಢಶಾಲೆಯವರು ಟಿಸೇಲಿಯಸನ ತತ್ತ್ವವನ್ನು ಸಣ್ಣದಾಗಿ ಮಾಡಿ ನೋಡಬಹುದು. ಅಡುಗೆಯ ಸೋಡಾಪುಡಿ ಚಿಟಿಕೆಯಷ್ಟು ಕರಗಿಸಿದ 100 ಮಿಲಿಲೀಟರ್ ನೀರಿನಲ್ಲಿ ಒಂದು ಗ್ರಾಂ ಚೈನಾ ಗ್ರಾಸ್ ಕುದಿಸಿ ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ. ಎರಡು ತುದಿಗಳಲ್ಲಿ ಸ್ವಲ್ಪ ಜಾಗ ಕತ್ತರಿಸಿ ತೆಗೆದು ಪೆನ್ಸಿಲ್ ಸೀಸಗಳನ್ನು ಅಡ್ಡಕ್ಕಿಟ್ಟು, ಅದೇ ಸೋಡಾನೀರನ್ನು ಹೆಪ್ಪಿನ ಮೇಲೆ ತೆಳುವಾಗಿ ನಿಲ್ಲಿಸಿ. ಮೈನಸ್ ತುದಿಯ ಹತ್ತಿರ ಸಣ್ಣ ಗುಳಿ ತೋಡಿ, ಸಕ್ಕರೆ ಬೆರೆಸಿ ಭಾರ ಮಾಡಿದ ಹಸಿರು ತಿಂಡಿಬಣ್ಣದ ಒಂದು ಹನಿ ಬಿಡಿ. ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 36 ವೋಲ್ಟ್ ಕೊಟ್ಟು ಒಂದು ಗಂಟೆಯ ಆಸುಪಾಸು ಕಾದರೆ, ಹಸಿರು ಹನಿ ಪ್ಲಸ್ ಕಡೆಗೆ ಸರಿಯುತ್ತ ಹಳದಿ ಮತ್ತು ನೀಲಿಯಾಗಿ ಒಡೆಯುವುದನ್ನು ನೋಡಬಹುದು. ಬ್ಯಾಟರಿ ಕಳಚದೆ ಡಬ್ಬಿಯೊಳಗೆ ಬೆರಳಿಡಬಾರದು.

ನಿಮ್ಮ ಬಾವಿಯಲ್ಲಿ ನಿಜವಾಗಿಯೇ ಕಬ್ಬಿಣ ಇದೆಯೇ ಎಂದು ತಿಳಿಯಲು ಕರೆಂಟೇ ಬೇಕಾಗಿಲ್ಲ. ಸೇದಿದ ನೀರನ್ನು ಬಿಳಿ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟಾಗ ತಳದಲ್ಲಿ ಕೆಂಪು ಗಷ್ಟು ನಿಂತರೆ, ಅಥವಾ ಚಹಾ ಮಸಿಯಂತೆ ಕಪ್ಪಾದರೆ ಕಬ್ಬಿಣ ಇದೆ. ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪದರವನ್ನು ಕಡ್ಡಿಯಿಂದ ತಾಗಿಸಿದಾಗ ಅದು ಚೂರುಚೂರಾಗಿ ಒಡೆದರೆ ಕಬ್ಬಿಣದ್ದು, ಮತ್ತೆ ಕೂಡಿಕೊಂಡರೆ ಎಣ್ಣೆ. ರೋಗಾಣುವಿನ ಪರೀಕ್ಷೆ ಮಾತ್ರ ಪ್ರಯೋಗಾಲಯದಲ್ಲಿಯೇ ಆಗಬೇಕು. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ಮೊದಲೇ ವಿಚಾರಿಸಿ, ಕ್ರಿಮಿಶುದ್ಧಿ ಮಾಡಿದ ಬಾಟಲಿಯಲ್ಲಿ ಬಾಯಿಯ ಒಳಭಾಗ ಮುಟ್ಟದೆ ನೀರು ತುಂಬಿ, ತಂಪಾಗಿಟ್ಟು ಅದೇ ದಿನ ತಲುಪಿಸಿ. ಮಳೆಗಾಲದ ಮೊದಲ ಜೋರು ಮಳೆಯ ಬಳಿಕ ಒಮ್ಮೆ, ಬೇಸಗೆಯಲ್ಲಿ ನೀರು ತಳ ಕಂಡಾಗ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು.